ಮಾರ್ಚ್-ಏಪ್ರಿಲ್‌ನಲ್ಲಿ ಲಾಲ್‌ಬಾಗಿಗೆ ಯಾವ ವಲಸೆ ಹಕ್ಕಿಗಳು ಬರುತ್ತವೆ?

ಜಯನಗರಕ್ಕೆ ಹೊಸದಾಗಿ ಬಂದಿರುವ ನೀವು, ವಸಂತದಲ್ಲಿ ಲಾಲ್‌ಬಾಗಿಗೆ ಯಾವ ವಲಸೆ ಹಕ್ಕಿಗಳು ಬಂದಿಳಿಯುತ್ತವೆ ಎಂದು ಕೇಳಿದ್ದೀರಿ. ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕಾಗುತ್ತದೆ. ಬೆಂಗಳೂರಿನ ಮಟ್ಟಿಗೆ ಯುಗಾದಿಯ ಆಸುಪಾಸು ವಲಸೆ ಹಕ್ಕಿಗಳು ಬರುವ ಕಾಲವಲ್ಲ, ಹೊರಡುವ ಕಾಲ. ಸೆಪ್ಟೆಂಬರ್‌ನಿಂದೀಚೆಗೆ ಹಿಮಾಲಯದಿಂದಲೂ ಮಧ್ಯ ಏಷ್ಯಾದಿಂದಲೂ ಬಂದು ಇಲ್ಲಿ ಚಳಿಗಾಲ ಕಳೆದವು ಈಗ ಗೂಡು ಕಟ್ಟಲು ಉತ್ತರಕ್ಕೆ ಮರಳುತ್ತವೆ.

ಹೊರಡುವ ಮುನ್ನ ಅವು ಸಿಂಗರಿಸಿಕೊಳ್ಳುವುದೇ ನೋಡತಕ್ಕದ್ದು. ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆಯ ಗಂಡಿಗೆ ಚಳಿಗಾಲವಿಡೀ ಗಂಟಲು ಬೆಳ್ಳಗಿರುತ್ತದೆ. ಅಲ್ಲಿ ಹೊಸ ಗರಿ ಮೂಡಿ ಕಪ್ಪು ಕಾಣಿಸಿತೆಂದರೆ ಪ್ರಯಾಣ ಹತ್ತಿರವಾಯಿತೆಂದೇ ಅರ್ಥ. ಗುಲಾಬಿ ಕಬ್ಬಕ್ಕಿಯ ರೀತಿ ಬೇರೆ. ಅದು ಈ ಕಾಲದಲ್ಲಿ ಹೊಸ ಗರಿ ತೊಡುವುದಿಲ್ಲ. ಇದ್ದ ಗರಿಗಳ ಮಾಸಲು ತುದಿಗಳೇ ಸವೆದು, ಅಡಿಯಲ್ಲಿದ್ದ ಗುಲಾಬಿಯೂ ಕರಿ ಹೊಳಪೂ ಹೊರಬೀಳುತ್ತವೆ, ಹಬ್ಬಕ್ಕೆ ಹಳೆಯ ಹಿತ್ತಾಳೆಯನ್ನೇ ತಿಕ್ಕಿ ಬೆಳಗಿದ ಹಾಗೆ. ಬೂರುಗವೋ ಹಾಲುವಾಣವೋ ಹೂಬಿಟ್ಟಿದ್ದರೆ ಅದರಡಿ ಅರ್ಧ ಗಂಟೆ ನಿಲ್ಲಿ. ಕಬ್ಬಕ್ಕಿಗಳ ಜಗಳದ ಸದ್ದು ಮೊದಲು ಕೇಳಿಸುತ್ತದೆ.

ಹಸಿರು ಉಲಿಯಕ್ಕಿಯನ್ನು ಕಣ್ಣಿಗಿಂತ ಕಿವಿಯಿಂದ ಹುಡುಕುವುದು ಸುಲಭ. ಹತ್ತು ಗ್ರಾಂ ಕೂಡ ತೂಗದ ಈ ಜೀವ ಎತ್ತರದ ಎಲೆಗಳ ನಡುವೆಯೇ ಇದ್ದು, 'ಚಿವೀ' ಎಂದು ಕೂಗುತ್ತ ಏಪ್ರಿಲ್‌ನವರೆಗೂ ಉಳಿದಿರುತ್ತದೆ. ಕೆರೆಯಲ್ಲಿ ತೇಲುವ ಹೆಜ್ಜಾರ್ಲೆಗಳನ್ನು (ಪೆಲಿಕನ್) ಮಾತ್ರ ದೂರದೇಶದ ಅತಿಥಿಗಳ ಪಟ್ಟಿಗೆ ಸೇರಿಸಬೇಡಿ. ಅವು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿಯೇ ಮರಿ ಮಾಡುವ ಜಾತಿ. (ನಾನೂ ಮೊದಲ ವರ್ಷ ಅವನ್ನು ಹೆಮ್ಮೆಯಿಂದ ಸೇರಿಸಿದ್ದೆ.)

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ನಡೆಯುವವರ ದಟ್ಟಣೆ ಹೆಚ್ಚುವ ಮೊದಲು ಕೆರೆಯ ಸುತ್ತು ಮುಗಿಸಿಕೊಳ್ಳಿ. ಕಂಡ ಹಕ್ಕಿಯನ್ನು ಹಕ್ಕಿ ನೋಟಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿಯಾಗಲಿ, ನೋಟ್‌ಬುಕ್ಕಿನಲ್ಲಿಯಾಗಲಿ ಪ್ರತಿ ಸಲವೂ ದಿನಾಂಕ ಸಹಿತ ಬರೆದಿಡಿ, ನಿನ್ನೆ ಕಂಡದ್ದೇ ಇಂದೂ ಕಂಡಿದ್ದರೂ ಸರಿ; ಏಕೆಂದರೆ ಕಡೆಯ ನೋಟವು ಕಡೆಯದೆಂದು ಆ ದಿನ ಯಾರಿಗೂ ತಿಳಿಯುವುದಿಲ್ಲ. ನಾನು ಬಹುಕಾಲ ಮೊದಲ ನೋಟವನ್ನಷ್ಟೇ ಬರೆಯುತ್ತಿದ್ದೆ. ಹೀಗಾಗಿ ನನ್ನ ಹಳೆಯ ಪುಸ್ತಕಗಳಲ್ಲಿ ಸಿಪಿಲೆ ಪ್ರತಿ ವರ್ಷವೂ ಬಂದಿದೆ, ಒಮ್ಮೆಯೂ ಹೋಗಿಲ್ಲ.