ಎಂಕ್‌ಹೌಜೆನ್: ದೊಡ್ಡ ಊರಿನ ಅಂಗಿ ತೊಟ್ಟ ಸಣ್ಣ ಊರು

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿದ್ದೀರಿ, ಒಂದು ಶನಿವಾರ ಬಿಡುವಿದೆ. ಟುಲಿಪ್, ಗಾಳಿಯಂತ್ರದ ಫೋಟೊ ಬೇಡ. ನಿಜವಾದ ಇತಿಹಾಸ ಇರುವ ಒಂದು ಸಣ್ಣ ಡಚ್ ಊರು ಯಾವುದು, ಅದರ ಸ್ವಭಾವ ಹೇಗೆ ಅಂತ ಕೇಳಿದ್ದೀರಿ.

ನಾನು ಈ ದೇಶಕ್ಕೆ ಬಂದು ನಾಲ್ಕು ವರ್ಷ ಆಯಿತು. ಯಾರು ಕೇಳಿದರೂ ಒಂದೇ ಹೆಸರು ಹೇಳುತ್ತೇನೆ: ಎಂಕ್‌ಹೌಜೆನ್. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅದೇ ಕೊನೆಯ ನಿಲ್ದಾಣ. ಹಳಿ ನೀರಿನ ಹತ್ತಿರ ಬಂದು ಮುಗಿದುಹೋಗುತ್ತದೆ. ರೈಲಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಎದುರಿಗೇ ಬಂದರು, ಸಾಲುಸಾಲು ಹಾಯಿಹಡಗಿನ ಕಂಬಗಳು. ಬಲಗಡೆ ಎಡಗಡೆ ಎಂದು ದಾರಿ ಹೇಳುವ ಅಗತ್ಯವೇ ಇಲ್ಲ. ಹಡಗಿನ ಕಂಬ ನೋಡಿಕೊಂಡು ನಡೆದರೆ ಊರು ಸಿಗುತ್ತದೆ.

ಮೊದಲ ಸಲ ಹೋದಾಗ ನನಗೆ ಒಂದು ವಿಷಯ ಅರ್ಥವೇ ಆಗಲಿಲ್ಲ. ಜನ ಕಡಿಮೆ, ಆದರೆ ಎಲ್ಲವೂ ದೊಡ್ಡದು. ಎರಡು ಭಾರಿ ಚರ್ಚು. ರಾಜಧಾನಿಯಲ್ಲಿ ಇರಬೇಕಾದಂಥ ಪುರಭವನ. ಊರಿನ ಸುತ್ತ ಕೋಟೆಯ ಮಣ್ಣಿನ ದಿಬ್ಬ, ಅದರಾಚೆ ಕಂದಕ. ಆದರೆ ಕೋಟೆಯ ಒಳಗೇ, ಪಶ್ಚಿಮದ ಕಡೆಗೆ ನಡೆದರೆ, ಹಳೇ ರೈತರ ಮನೆಗಳು! ಆ ಭಾಗಕ್ಕೆ ಬೂರೆನ್‌ಹುಕ್ ಎನ್ನುತ್ತಾರೆ. ರೈತರ ಮೂಲೆ ಎಂದೇ ಅದರ ಅರ್ಥ. ಕೋಟೆಯ ಒಳಗೆ ಬೇಸಾಯಗಾರರು ಯಾಕೆ ಬಂದರು? ಇದಕ್ಕೆ ಉತ್ತರ ಸಿಕ್ಕರೆ ಊರಿನ ಕಥೆಯೇ ಸಿಕ್ಕ ಹಾಗೆ.

ಊರು ಶುರುವಾಗಿದ್ದು ಮೀನಿನಿಂದ. ಲಾಂಛನದಲ್ಲಿ ಇವತ್ತಿಗೂ ಮೂರು ಹೆರಿಂಗ್ ಮೀನುಗಳಿವೆ. 14ನೇ ಶತಮಾನದ ನಡುವಿನಲ್ಲಿ ಪಟ್ಟಣದ ಹಕ್ಕು ಸಿಕ್ಕಿತು. ಬಂದರಿನ ಬಾಯಲ್ಲಿ ನಿಂತಿರುವ ಡ್ರೊಮೆಡಾರಿಸ್ ಎಂಬ ದುಂಡನೆಯ ದಪ್ಪ ಬುರುಜು 1540ರದು. 1572ರ ಮೇ ತಿಂಗಳಲ್ಲಿ ಊರಿನವರು ಆಗ ಈ ದೇಶ ಆಳುತ್ತಿದ್ದ ಸ್ಪೇನಿನ ರಾಜನ ಕೈಬಿಟ್ಟು, ಅವನ ವಿರುದ್ಧ ಬಂಡೆದ್ದ ಡಚ್ಚರ ನಾಯಕ ಆರೆಂಜ್‌ನ ವಿಲಿಯಂ ಕಡೆ ಸೇರಿಕೊಂಡರು. ಹಾಲೆಂಡ್ ಪ್ರಾಂತ್ಯದಲ್ಲಿ ಹೀಗೆ ಮಾಡಿದ ಮೊದಲಿಗರಲ್ಲಿ ಇವರೂ ಒಬ್ಬರು. ಆಮ್‌ಸ್ಟರ್‌ಡ್ಯಾಮ್ ಆಗಿನ್ನೂ ಸ್ಪೇನಿನ ಪರವೇ ಇತ್ತು. ಆ ಕೆಲವು ವರ್ಷ ಎಂಕ್‌ಹೌಜೆನ್‌ಗೆ ಬಹಳ ಲಾಭವಾಯಿತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದಾಗ ಅದರ ಆರು ಶಾಖೆಗಳಲ್ಲಿ ಒಂದು ಇಲ್ಲೇ ಬಂತು. 17ನೇ ಶತಮಾನದ ಆರಂಭಕ್ಕೆ ಜನಸಂಖ್ಯೆ 20 ಸಾವಿರ ದಾಟಿತ್ತು. ಆ ಕಾಲಕ್ಕೆ ಇದು ದೊಡ್ಡ ನಗರ. ಇನ್ನೂ ಬೆಳೆಯುತ್ತದೆ ಎಂದು ನಂಬಿ ಕೋಟೆಯನ್ನು ಅಗಲ ಮಾಡಿದರು.

ಬೆಳೆಯಲಿಲ್ಲ. ಆಮ್‌ಸ್ಟರ್‌ಡ್ಯಾಮ್ ವ್ಯಾಪಾರವನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ಇಂಗ್ಲೆಂಡಿನ ಜೊತೆ ಯುದ್ಧದ ಮೇಲೆ ಯುದ್ಧ. ಹೆರಿಂಗ್ ಕಸುಬು ಸೊರಗಿತು. ಬಂದರಿನಲ್ಲಿ ಹೂಳು ತುಂಬಿತು. 1688ರಲ್ಲಿ ಆ ಚೆಂದದ ಪುರಭವನ ಮುಗಿಯುವ ಹೊತ್ತಿಗೆ ಊರು ಆಗಲೇ ಇಳಿಮುಖವಾಗಿತ್ತು. ಅದರ ಮುಂದೆ ನಿಂತಾಗ ನನಗೆ ಹೊಟ್ಟೆಯಲ್ಲಿ ಏನೋ ಸಂಕಟವಾಗುತ್ತದೆ. 1799ಕ್ಕೆ ಕಂಪನಿಯೇ ಮುಳುಗಿತು. 19ನೇ ಶತಮಾನದಲ್ಲಿ ಐದಾರು ಸಾವಿರ ಜನ ಉಳಿದಿದ್ದರು. ಖಾಲಿ ಮನೆಗಳನ್ನು ಕೆಡವಿ ಇಟ್ಟಿಗೆ ಮಾರಿಕೊಂಡರು. ಬೀದಿ ಇದ್ದ ಜಾಗದಲ್ಲಿ ಹುಲ್ಲು ಬೆಳೆಯಿತು. ಕೋಟೆಯೊಳಗೆ ಅಷ್ಟೊಂದು ಹಸಿರು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ? ಇವತ್ತಿನ ಜನಸಂಖ್ಯೆ 19 ಸಾವಿರದ ಹತ್ತಿರ. ನಾನೂರು ವರ್ಷ ಆದರೂ ಹಳೇ ಅಂಗಿ ಮೈಗೆ ಇನ್ನೂ ಸ್ವಲ್ಪ ದೊಡ್ಡದೇ.

ಬಡತನ ಬಂದಿದ್ದರಿಂದಲೇ ಹಳೇ ಊರು ಉಳಿಯಿತು ಎನ್ನುವುದು ನನ್ನ ಅಭಿಪ್ರಾಯ. ಹಳೆಯದನ್ನು ಒಡೆದು ಹೊಸದು ಕಟ್ಟುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ.

ಈಗ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವ ಮನೆಯ ವಿಷಯ. ನಮ್ಮದು ಶಿರಸಿ ಕಡೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ ಬೆಳೆದವನು ನಾನು. ಎಂಕ್‌ಹೌಜೆನ್‌ನಲ್ಲಿ ನೀರಿನ ಅಂಚಿಗೆ ‘ಪೇಪರ್‌ಹೌಸ್’ ಎಂಬ ಕಟ್ಟಡ ಇದೆ. ಹೆಸರು ಕೇಳಿ ಕಾಗದದ ಮನೆ ಅಂದುಕೊಂಡಿದ್ದೆ. ಡಚ್ಚಿನಲ್ಲಿ ‘ಪೇಪರ್’ ಅಂದರೆ ಕಾಳುಮೆಣಸು! 1625ರಲ್ಲಿ ಒಬ್ಬ ವ್ಯಾಪಾರಿ ಕಟ್ಟಿಸಿದ ಮನೆ. 1682ರಲ್ಲಿ ಕಂಪನಿ ಅದನ್ನು ಕೊಂಡು ಮೆಣಸಿನ ಗೋದಾಮು ಮಾಡಿತು. ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಮೀನಿನ ಹಡಗು, ಅದರ ಜೊತೆ ಹಳೇ ಡಚ್ಚಿನಲ್ಲಿ ಒಂದು ಸಾಲು. ಮೊದಲು ಖರ್ಚು, ಆಮೇಲೆ ಲಾಭ ಎಂದು ಅದರ ಅರ್ಥ. ಅದನ್ನು ಓದಿದಾಗ ಹೊನ್ನಾವರ ನೆನಪಾಯಿತು. ಯಾಕೆ ಅಂತ ಹೇಳುತ್ತೇನೆ.

ಈ ಊರಲ್ಲಿ ಯಾನ್ ಹೌಘೆನ್ ಫಾನ್ ಲಿನ್ಸ್‌ಖೋಟೆನ್ ಎಂಬವನಿದ್ದ. ಹುಟ್ಟಿದ್ದು ಹಾರ್ಲೆಮ್‌ನಲ್ಲಿ, ಬೆಳೆದದ್ದು ಇಲ್ಲಿ. 1583ರಲ್ಲಿ ಗೋವಾಕ್ಕೆ ಹೋಗಿ, ಅಲ್ಲಿನ ಪೋರ್ಚುಗೀಸ್ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಸುಮಾರು ಐದು ವರ್ಷ ಇದ್ದ. ಪೋರ್ಚುಗೀಸರು ಗುಟ್ಟಾಗಿ ಇಟ್ಟುಕೊಂಡಿದ್ದ ಸಮುದ್ರದ ದಾರಿಗಳನ್ನು, ಯಾವ ಬಂದರಿನಲ್ಲಿ ಏನು ಸಿಗುತ್ತದೆ ಎನ್ನುವುದನ್ನು ಬರೆದಿಟ್ಟುಕೊಂಡ. 1592ರಲ್ಲಿ ಎಂಕ್‌ಹೌಜೆನ್‌ಗೆ ವಾಪಸ್ ಬಂದ. ಊರಿನ ವೈದ್ಯ ಪಲುಡಾನಸ್ ಅದಕ್ಕೆ ಟಿಪ್ಪಣಿ ಸೇರಿಸಿದರು. 1595–96ರಲ್ಲಿ ಅದು ಅಚ್ಚಾಯಿತು. ಡಚ್ಚರು ಪೂರ್ವಕ್ಕೆ ಹಡಗು ಹೊರಡಿಸಿದ್ದು ಆ ಬರಹ ಕೈಯಲ್ಲಿ ಹಿಡಿದುಕೊಂಡೇ.

ಅದರಲ್ಲಿ ನಮ್ಮ ಕರಾವಳಿಯೂ ಇದೆ. ಹೊನ್ನಾವರವನ್ನು ‘ಓನೋರ್’ ಎನ್ನುತ್ತಾನೆ, ಬಸ್ರೂರನ್ನು ‘ಬಾರ್ಸೆಲೋರ್’. ಹೊನ್ನಾವರದ ಪೋರ್ಚುಗೀಸ್ ಕೋಟೆಗೆ ಮೆಣಸು ಕೊಡುವವಳು ಭಟ್ಕಳದ ರಾಣಿ, ಆದರೆ ಆಕೆಗೆ ಆರು ತಿಂಗಳು ಮುಂಚೆಯೇ ಹಣ ಎಣಿಸಬೇಕು ಎಂದು ಬರೆಯುತ್ತಾನೆ. ಆ ಕಾಲದಲ್ಲಿ ಅಲ್ಲಿ ಆಳುತ್ತಿದ್ದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ. ಮೊದಲು ಖರ್ಚು, ಆಮೇಲೆ ಲಾಭ! ಕಲ್ಲಿನಲ್ಲಿ ಕೆತ್ತಿದ್ದು ಇವರಾದರೂ ಆ ಪಾಠವನ್ನು ಚೆನ್ನಾಗಿ ಕಲಿಸಿದ್ದು ನಮ್ಮ ಘಟ್ಟದ ಕೆಳಗಿನ ಒಬ್ಬ ಹೆಂಗಸು ಎನ್ನಿಸಿ ನನಗೆ ಬಹಳ ಹೆಮ್ಮೆಯಾಯಿತು. ಆ ಗೋಡೆಯ ಫೋಟೊ ಅಪ್ಪನಿಗೆ ಕಳಿಸಿದೆ. “ಆಗ ಕ್ವಿಂಟಲ್ಲಿಗೆ ಎಷ್ಟಿತ್ತಂತೆ ಮಾರಾಯಾ?” ಅಂತ ಕೇಳಿದರು.

ಮೆಣಸಿನ ಮಾತು ಬಂದಾಗ ಇನ್ನೊಂದನ್ನೂ ಹೇಳಲೇಬೇಕು. ಈ ಕಂಪನಿಯ ಹಣದಲ್ಲಿ ರಕ್ತವೂ ಇದೆ. ಪಕ್ಕದ ಹೋರ್ನ್ ಊರಿನ ಯಾನ್ ಪೀಟರ್‌ಸೂನ್ ಕೂನ್, ಕಂಪನಿಯ ಗವರ್ನರ್ ಜನರಲ್, 1621ರಲ್ಲಿ ಜಾಯಿಕಾಯಿಗಾಗಿ ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಸಾಯಿಸಿದ. ಆ ಚೆಂದದ ಇಟ್ಟಿಗೆ ಮನೆಗಳ ಮುಂದೆ ನಡೆಯುವಾಗ ಇದು ನೆನಪಿರಲಿ.

ಮುಂದೆ 1932ರಲ್ಲಿ ಊರು ತನ್ನ ಸಮುದ್ರವನ್ನೇ ಕಳೆದುಕೊಂಡಿತು. ಪ್ರವಾಹದ ಕಾಟ ತಪ್ಪಿಸಲು ಉತ್ತರದಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಜೌಡರ್‌ಜೇ ಸಮುದ್ರದ ಬಾಯಿ ಮುಚ್ಚಿದರು. ಉಪ್ಪುನೀರು ಹೋಗಿ ಸಿಹಿನೀರಿನ ಸರೋವರವಾಯಿತು. ಹೆಸರೂ ಬದಲಾಗಿ ಐಸೆಲ್‌ಮೇರ್ ಆಯಿತು. ಹೆರಿಂಗ್ ಇಲ್ಲವಾಯಿತು. ಸುತ್ತಲಿನ ಮೀನುಗಾರರ ಊರುಗಳ ಬದುಕೇ ಮುಗಿಯಿತು. ಅದನ್ನು ಉಳಿಸಿಡಲೆಂದೇ ಇಲ್ಲಿ ಜೌಡರ್‌ಜೇ ಮ್ಯೂಸಿಯಂ ಮಾಡಿದ್ದಾರೆ. ಪೇಪರ್‌ಹೌಸ್ ಕೂಡ ಅದಕ್ಕೇ ಸೇರಿದೆ. ಅದರ ಹೊರಾಂಗಣ ಭಾಗ 1983ರಲ್ಲಿ ತೆರೆಯಿತು. ಬೇರೆಬೇರೆ ಊರಿನ ಹಳೇ ಮನೆಗಳನ್ನು ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಬಾಟಲಿ ಆಕಾರದ ಎತ್ತರದ ಸುಣ್ಣದ ಗೂಡುಗಳನ್ನು ತಪ್ಪಿಸಬೇಡಿ. ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ನಮ್ಮ ಕರಾವಳಿಯ ಚಿಪ್ಪಿನ ಸುಣ್ಣ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಪಕ್ಕದಲ್ಲೇ ಹೊಗೆಯಲ್ಲಿ ಮೀನು ಒಣಗಿಸುವ ವಾಸನೆ ಬರುತ್ತಿರುತ್ತದೆ.

ಸ್ವಭಾವ ಹೇಗೆ ಅಂತ ಕೇಳಿದಿರಿ. ಜನ ಮಾತು ಕಡಿಮೆ, ಆದರೆ ಬಿಗುಮಾನ ಇಲ್ಲ. ಈಗ ಊರಿಗೆ ಅನ್ನ ಹಾಕುವುದರಲ್ಲಿ ತರಕಾರಿ ಬೀಜದ ಪಾಲು ದೊಡ್ಡದು. ಎನ್ಜಾ ಜಾಡೆನ್ ಕಂಪನಿ ಇದೇ ಊರಿನದು. ನಮ್ಮ ಟೊಮ್ಯಾಟೊ ಬೆಳೆಗಾರರಿಗೂ ಗೊತ್ತಿರುವ ಸಿಂಜೆಂಟಾದ ಬೀಜದ ಕೇಂದ್ರವೂ ಇಲ್ಲಿದೆ. ಹಳೇ ಹಾಯಿಹಡಗು ನಡೆಸಲು ಕಲಿಸುವ ಶಾಲೆಯೊಂದು 1978ರಿಂದ ಇದೆ. ಹಾಗಾಗಿ ಬಂದರಿನಲ್ಲಿ ಕಾಣುವ ಹಡಗುಗಳು ಸುಮ್ನೆ ಅಲಂಕಾರಕ್ಕೆ ನಿಂತವಲ್ಲ. ಅವು ದಿನಾ ಹೊರಡುತ್ತವೆ, ಹುಡುಗ ಹುಡುಗಿಯರು ಹಗ್ಗ ಎಳೆಯುತ್ತಿರುತ್ತಾರೆ. ಸೇತುವೆ ಎತ್ತಿದಾಗ ಸೈಕಲ್ಲಿನವರು ಕಾಲು ಊರಿಕೊಂಡು ಕಾಯುತ್ತಾರೆ. ಯಾರೂ ಗೊಣಗುವುದಿಲ್ಲ. ಆ ಐದು ನಿಮಿಷ ನೋಡಿದರೆ ಊರಿನ ಗುಣ ಗೊತ್ತಾಗುತ್ತದೆ.

ಒಂದು ದಿನ ಸಾಕು. ಬೆಳಿಗ್ಗೆ ಬೇಗ ಹೊರಡಿ, ಮೊದಲು ಮ್ಯೂಸಿಯಂ, ಮಧ್ಯಾಹ್ನ ಕೋಟೆಯ ದಿಬ್ಬದ ಮೇಲೆ ಒಂದು ಸುತ್ತು, ಸಂಜೆ ಡ್ರೊಮೆಡಾರಿಸ್ ಹತ್ತಿರ ಕೂರಿ. ಗಾಳಿ ಜಾಸ್ತಿ, ಬೇಸಿಗೆಯಲ್ಲೂ ಜಾಕೆಟ್ ಬೇಕು. ಹೊರಾಂಗಣ ಮ್ಯೂಸಿಯಂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ನೀವು ಚಳಿಗಾಲದಲ್ಲಿ ಬರುವುದಾದರೆ ತಿಳಿಸಿ, ಆಗ ಎಲ್ಲಿಂದ ಶುರು ಮಾಡಬೇಕು ಅಂತ ಬೇರೆ ಬರೆಯುತ್ತೇನೆ.