ಜಿಲೇಬಿ ಮೀನಿನಲ್ಲಿ ಹಳದಿ ಹುಳು ಸಿಕ್ಕಿದೆ. ಡಿಎನ್‌ಎ ಬಾರ್‌ಕೋಡಿಂಗ್ ಮಾಡಿಸಿದರೆ ಯಾವ ಹುಳು ಅಂತ ಗೊತ್ತಾಗುತ್ತಾ? ಮೈಕ್ರೋಸ್ಕೋಪ್ ಸಾಲದಾ?

ಡಿಎನ್‌ಎಯ ಒಂದು ತುಣುಕನ್ನು ಓದಿ ಜಾತಿ ಗುರುತಿಸೋದೇ ಬಾರ್‌ಕೋಡಿಂಗ್, ಅದರಿಂದ ಗೊತ್ತಾಗುತ್ತೆ. ಆದರೆ ಹುಳುವನ್ನು ಫಾರ್ಮಲಿನ್‌ಗೆ ಹಾಕಿಟ್ಟಿದ್ದರೆ ಆಸೆ ಕಡಿಮೆ. ಅದರಲ್ಲಿ ಡಿಎನ್‌ಎ ಹಾಳಾಗುತ್ತೆ. 95% ಎಥನಾಲ್ ಆದರೆ ಸರಿ.

ಮೈಸೂರಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟೇ ಇದು. ಮಂಡ್ಯ ಕಡೆಯ ಕೆರೆಯಿಂದ ತಂದ ಜಿಲೇಬಿಯ ಕಿವಿರಿನ ಮುಚ್ಚಳ ಎತ್ತಿದರೆ, ಬೆಂದ ತೊಗರಿಬೇಳೆಯಂಥ ಹಳದಿ ಗಂಟುಗಳು. ಸೂಜಿಯಲ್ಲಿ ಸೀಳಿದರೆ ಚಪ್ಪಟೆ ಹುಳು ಹೊರಬಂದು ಉಪ್ಪುನೀರಿನಲ್ಲಿ ಮೈ ಚಾಚೋದು, ಮುದುಡೋದು. ಒಂದೆರಡನ್ನು ಹೀಗೆ ಬಿಡಿಸಿ ನೋಡಿದೆ. ಮಿಕ್ಕವನ್ನು ಬಿಡಿಸೋಕೆ ಸೋಮಾರಿತನ, ಗಂಟು ಸಮೇತ ಅರೆದು, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಹಾಕಿಬಿಟ್ಟೆ. ವಾರಗಟ್ಟಲೆ ಕಾದ ಮೇಲೆ ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ ಸಾಲು, ಬಂತು. ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಪಟ್ಟಿಯಲ್ಲಿ ಹೋಲಿಸಿದರೆ ಉತ್ತರ: ಜಿಲೇಬಿ ಮೀನು! ಗಂಟಿನ ಹೊರಪದರ ಮೀನಿನದ್ದೇ ಅಲ್ಲವೇ. ಪಿಸಿಆರ್‌ನಲ್ಲಿ ಯಾವ ತುಣುಕನ್ನು ನಕಲಿಸಬೇಕೆಂದು ಹಿಡಿದುಕೊಡುವ ಚಿಕ್ಕ ಡಿಎನ್‌ಎ ಚೂರೇ ಪ್ರೈಮರ್. ನಾನು ಹಾಕಿದ್ದು ಬಹಳಷ್ಟು ಪ್ರಾಣಿಗಳಿಗೆ ಒಗ್ಗುವಂಥದ್ದು, ಸುಲಭವಾಗಿ ಸಿಕ್ಕಿದ್ದನ್ನು ಹಿಡಿದುಕೊಂಡಿತ್ತು.

ಬಾರ್‌ಕೋಡ್ ಅಂದರೆ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕು. ಕೆನಡಾದ ಪಾಲ್ ಹೆಬರ್ಟ್ ತಂಡ 2003ರಲ್ಲಿ ಮುಂದಿಟ್ಟ ವಿಚಾರ. ಚಪ್ಪಟೆ ಹುಳುಗಳಿಗೆ ಮಾಮೂಲಿ ಪ್ರೈಮರ್ ಎಷ್ಟೋ ಸಲ ಕೂರೋದಿಲ್ಲ. ಅವಕ್ಕೆಂದೇ ಮಾಡಿದ ಪ್ರೈಮರ್ ಬೇಕು, ಜೊತೆಗೆ 28ಎಸ್ ಅಥವಾ ಐಟಿಎಸ್ ಎಂಬ ಬೇರೆ ಡಿಎನ್‌ಎ ತುಣುಕು ಕೂಡ ಓದಿಸಿದರೆ ಒಳ್ಳೆಯದು.

ಮೈಕ್ರೋಸ್ಕೋಪ್ ಸಾಲದಾ ಅಂತಲೂ ಕೇಳಿದ್ದೀರಿ. ಎಷ್ಟೋ ಸಲ ಸಾಲದು, ಯಾಕಂದರೆ ಮೀನಿನಲ್ಲಿರೋದು ಮರಿ. ಹಳದಿ ಗಂಟು ಅಂದರೆ ನನಗೆ ಮೊದಲು ಹೊಳೆಯೋದು ಕ್ಲಿನೋಸ್ಟೋಮಮ್ ಎಂಬ ಚಪ್ಪಟೆ ಹುಳು. ಅದು ಬಸವನಹುಳುವಿನಿಂದ ಮೀನಿಗೆ ಬಂದು, ಮೀನನ್ನು ನುಂಗಿದ ಬಕಪಕ್ಷಿಯ ಬಾಯಿ, ಗಂಟಲಲ್ಲಿ ಬಲಿಯುತ್ತೆ. ಜಾತಿ ಗುರುತಿಸಲು ನೋಡುವ ವೃಷಣ, ಅಂಡಾಶಯಗಳು ಪೂರ್ತಿ ಬೆಳೆಯೋದು ಅಲ್ಲೇ. ಮೂರು ಮನೆಯಲ್ಲಿ ಮೂರು ರೂಪ, ಡಿಎನ್‌ಎ ಮಾತ್ರ ಒಂದೇ.

ಹಾಗಂತ ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ ಅಲ್ಲ. ಹೋಲಿಕೆ 99% ಬಂದರೆ ಧೈರ್ಯ. 88% ಬಂದರೆ ನಿಮ್ಮ ಹುಳು ಜೆನ್‌ಬ್ಯಾಂಕ್ ಪಟ್ಟಿಯಲ್ಲೇ ಇಲ್ಲ ಅನ್ನಿ. ಪಟ್ಟಿಯಲ್ಲಿರುವ ಹೆಸರೇ ತಪ್ಪಿರೋದೂ ಉಂಟು. ಅದಕ್ಕೇ ಹುಳುವಿನ ಬಾಲದ ಚೂರನ್ನಷ್ಟೇ ಡಿಎನ್‌ಎಗೆ ಕೊಟ್ಟು, ಉಳಿದದ್ದಕ್ಕೆ ಕಾರ್ಮೈನ್ ಬಣ್ಣ ಹಾಕಿ ಸ್ಲೈಡ್ ಮಾಡಿಡಿ.

ತಿನ್ನೋ ವಿಚಾರ: ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತೆ, ಹೆದರಬೇಡಿ. ಸಾರಿಗೆ ಹಾಕೋ ಮುಂಚೆ ಇನ್ನೆರಡು ಗಂಟು ಬಿಡಿಸಿ ಎಥನಾಲ್‌ಗೆ ಹಾಕಿ. ಕೆರೆ, ಮೀನು, ತಾರೀಕು ಬರೆದ ಚೀಟಿ ಬಾಟಲಿಯೊಳಗೇ ಇರಲಿ. ಪೆನ್ಸಿಲ್‌ನಲ್ಲಿ ಬರೀರಿ, ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತೆ.