ಅಮ್ಮನನ್ನು ಹಾಸ್ಪಿಸ್‌ಗೆ ಸೇರಿಸಬಹುದಾ? ಒಳ್ಳೆಯದು ಯಾವುದು ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಅಮ್ಮನಿಗೆ 68, ಬಾಯಿ ಕ್ಯಾನ್ಸರ್. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಮೊದಲಿಂದಲೂ ಇತ್ತು. ಆಪರೇಷನ್, ರೇಡಿಯೇಷನ್ ಎಲ್ಲಾ ಆಗಿ ಮತ್ತೆ ಬಂದಿದೆ. 'ಇನ್ನು ಟ್ರೀಟ್‌ಮೆಂಟ್ ಬೇಡ, ನೋವಿಲ್ಲದ ಹಾಗೆ ನೋಡಿಕೊಳ್ಳಿ' ಅಂತ ಡಾಕ್ಟರು ಹೋದ ತಿಂಗಳು ಹೇಳಿದರು. ಅಮ್ಮನಿಗೆ ಇದನ್ನು ಹೇಳಿಲ್ಲ. ಕೆನ್ನೆಯ ಗಾಯ ಒಡೆದು ವಾಸನೆ ಬರುತ್ತಿದೆ. ಮಾತು ಸರಿಯಾಗಿ ಬರುವುದಿಲ್ಲ, ನನ್ನ ಮಗನ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ. ನಮ್ಮನೆಯಲ್ಲೇ ಇದ್ದರೂ 'ಮನೆಗೆ ಹೋಗೋಣ' ಅಂತ ಬರೆಯುತ್ತಾಳೆ. ನೋವಿಗೆ ಏನೋ ಬರೆಯುತ್ತಾಳೆ ಅಂದುಕೊಂಡಿದ್ದೇವೆ. ಮಗ ಎಸ್ಸೆಸ್ಸೆಲ್ಸಿ, ಎರಡು ರೂಮಿನ ಮನೆ, ನನಗೆ ರಜೆ ಮುಗಿದಿದೆ. ಮನೆಗೇ ಬಂದು ನೋಡಿಕೊಳ್ಳುವ ಒಂದು ಏಜೆನ್ಸಿಯವರು ಮೂರು ತಿಂಗಳ ಪ್ಯಾಕೇಜ್ ಹೇಳಿದ್ದಾರೆ, ರೇಟಿಂಗ್ ಚೆನ್ನಾಗಿದೆ, ದುಡ್ಡು ಜಾಸ್ತಿ. ಇನ್ನೊಂದು ಟ್ರಸ್ಟ್ ನಡೆಸುವ ಹಾಸ್ಪಿಸ್, ಅಂದರೆ ವಾಸಿಯಾಗದ ರೋಗಿಗಳನ್ನು ನೋವಿಲ್ಲದ ಹಾಗೆ ನೋಡಿಕೊಳ್ಳುವ ಜಾಗ, ಪೂರ್ತಿ ಉಚಿತ. ಪುಕ್ಕಟೆ ಅಂದರೆ ಹೇಗಿರುತ್ತೋ ಅಂತ ಭಯ. ಗುಬ್ಬಿ ಹತ್ತಿರದ ಊರಲ್ಲಿರುವ ಅಣ್ಣ, 'ಹೆತ್ತ ತಾಯಿನ ಆಶ್ರಮಕ್ಕೆ ಹಾಕಿದ್ರು ಅಂತಾರೆ ಜನ' ಅಂತ ಫೋನಿನಲ್ಲೇ ಕೂಗಾಡುತ್ತಾನೆ. ಯಾವುದನ್ನು ನಂಬಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಪುಕ್ಕಟೆಯ ಭಯ ಬಿಡಿ. ನಮ್ಮ ದೇಶದಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾ ಬಂದವರಲ್ಲಿ ಅನೇಕರು ದುಡ್ಡು ಕೇಳದವರೇ. ಮುಂಬೈಯಲ್ಲಿ 1986ರಲ್ಲಿ ಶುರುವಾದ ಶಾಂತಿ ಅವೇದನಾ ಸದನ ಹಾಗೆಯೇ ನಡೆಯುತ್ತಿದೆ. ನಿಮ್ಮೂರಿನ ಮಾರತ್‌ಹಳ್ಳಿ ಕಡೆಯ ಕರುಣಾಶ್ರಯವೂ ಅಷ್ಟೆ. ಟ್ರಸ್ಟ್ ಆಗಿದ್ದು 1994ರಲ್ಲಿ, ಹಾಸ್ಪಿಸ್ ಕಟ್ಟಡ ತೆರೆದದ್ದು 1999ರಲ್ಲಿ. ಕ್ಯಾನ್ಸರ್ ಕೊನೇ ಹಂತದವರಿಂದ ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗಂತ ಉಚಿತವೆಲ್ಲ ಒಳ್ಳೆಯದು, ದುಡ್ಡಿನದೆಲ್ಲ ಮೋಸ ಅಂತಲೂ ನಾನು ಹೇಳುತ್ತಿಲ್ಲ. ದುಡ್ಡು ಇಲ್ಲಿ ಅಳತೆಗೋಲೇ ಅಲ್ಲ.

ರೇಟಿಂಗ್ ವಿಷಯವೂ ಹಾಗೇ. ಅಲ್ಲಿ ಮಲಗಿದ್ದವರು ಎದ್ದು ಬಂದು ನಕ್ಷತ್ರ ಕೊಡುವುದಿಲ್ಲ, ಅಲ್ವಾ? ಬರೆಯುವವರು ಮನೆಯವರು. ದುಃಖದಲ್ಲಿರುವವರಿಗೆ ಯಾರೋ ಒಂದು ಲೋಟ ನೀರು ಕೊಟ್ಟರೂ ದೇವರ ಹಾಗೆ ಕಾಣುತ್ತಾರೆ.

ಈ ತಪ್ಪು ನಾನೂ ಮಾಡಿದ್ದೇನೆ. ಹನ್ನೆರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಕಾಯಿಲೆ ಬಲಿತಾಗ ಚೆಂದದ ಬಣ್ಣದ ಕಾಗದ ನೋಡಿ ಒಬ್ಬರನ್ನು ಗೊತ್ತು ಮಾಡಿದೆ. ಹೆಸರು ಬೇಡ. '24 ಗಂಟೆ ನರ್ಸ್' ಅಂತ ಬರೆದಿತ್ತು. ಬಂದ ಹುಡುಗಿ ನರ್ಸ್ ಅಲ್ಲ, ಆಯಾ. ಪಾಪ, ಒಳ್ಳೆಯವಳೇ. ಆದರೆ ರಾತ್ರಿ ಎರಡು ಗಂಟೆಗೆ ಅತ್ತೆಗೆ ಉಸಿರು ಕಟ್ಟಿದಾಗ ಅವಳು ನನಗಿಂತ ಜೋರಾಗಿ ಅತ್ತಳು. ಆಫೀಸಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ, ನಿಮ್ಮ ಕರೆ ನಮಗೆ ಮುಖ್ಯ ಅಂತ. ಆಂಬುಲೆನ್ಸ್ ಬಂತು. ಎಮರ್ಜೆನ್ಸಿ ವಾರ್ಡಿನಲ್ಲಿ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಪರದೆ ಎಳೆದರು. ಅತ್ತೆ ಹೋದದ್ದು ಆ ಪರದೆಯ ಆಚೆ.

ಅದಕ್ಕೇ ಹೇಳುತ್ತೇನೆ, ಕಟ್ಟಡ ನೋಡುವ ಮೊದಲು ಫೋನ್ ಮಾಡಿ ನೋಡಿ. ಹಗಲಲ್ಲ, ರಾತ್ರಿ ಹನ್ನೊಂದರ ಮೇಲೆ, ಇಬ್ಬರಿಗೂ. 'ನಮ್ಮಮ್ಮ ನಿಮ್ಮಲ್ಲಿ ಸೇರಿದ ಮೇಲೆ ಇಷ್ಟು ಹೊತ್ತಿಗೆ ನೋವು ಜಾಸ್ತಿಯಾದರೆ ಯಾರು ಏನು ಮಾಡುತ್ತೀರಿ?' ಅಂತ ಕೇಳಿ. ಎತ್ತಿದವರು ನರ್ಸಾ, ಸೆಕ್ಯುರಿಟಿಯವನಾ, ಯಾರೂ ಎತ್ತಲೇ ಇಲ್ಲವಾ? 'ಹಾಗಾದರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ' ಅನ್ನುವುದೊಂದೇ ಉತ್ತರವಾದರೆ, ಅವರನ್ನು ನಂಬಿಕೊಳ್ಳುವುದು ಯಾಕೆ?

ಎರಡನೇ ಮಾತು ಮಾರ್ಫಿನ್, ಜೋರು ನೋವು ತಗ್ಗಿಸುವ ಔಷಧ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಮ್ಮನ ರಾತ್ರಿಗಳು ಇದರ ಮೇಲೆ ನಿಂತಿವೆ. ಬಾಯಿ ಕ್ಯಾನ್ಸರಿನ ಜೋರು ನೋವಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಗುವ ಮಾತ್ರೆಗಳು ಸಾಲುವುದಿಲ್ಲ. ಮಾರ್ಫಿನ್ ಮಾತ್ರೆ ದುಬಾರಿಯಲ್ಲ, ಆದರೆ ಎಲ್ಲರೂ ಇಟ್ಟುಕೊಳ್ಳುವ ಹಾಗಿಲ್ಲ. ಮೊದಲು ಅದಕ್ಕೆ ಹಲವು ಲೈಸೆನ್ಸ್ ಬೇಕಿತ್ತು, ಎಷ್ಟೋ ಆಸ್ಪತ್ರೆಗಳು ಆ ತಲೆನೋವೇ ಬೇಡ ಅಂತ ಕೈಬಿಟ್ಟಿದ್ದವು. 2014ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಆದ್ದರಿಂದ ನೇರವಾಗಿ ಕೇಳಿ: ನಿಮಗೆ ಮಾರ್ಫಿನ್ ಅನುಮತಿ ಇದೆಯಾ? ಇಲ್ಲದಿದ್ದರೆ ಎಲ್ಲಿಂದ ತರಿಸುತ್ತೀರಿ? ಅಮ್ಮನಿಗೆ ಮಾತ್ರೆ ನುಂಗಲು ಆಗದ ದಿನ ಏನು ಮಾಡುತ್ತೀರಿ? ತಡವರಿಸಿದರೆ ಅಲ್ಲಿಗೆ ಬಿಡಿ.

ಹೇಗೆ ಕೊಡುತ್ತಾರೆ ಅನ್ನುವುದೂ ಮುಖ್ಯ. ಮಾಮೂಲಿ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ಎದ್ದರೆ ಕೊಡಲು ಬೇರೆ ಡೋಸ್ ಬರೆದಿರಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಹಿಡಿದ ಹಠವೂ ಇದೇ, ನೋವು ಬಂದ ಮೇಲೆ ಓಡುವುದಲ್ಲ, ಬರುವ ಮೊದಲೇ ಕೊಡಬೇಕು ಅಂತ. 'ನೋವು ಬಂದ್ರೆ ಮಾತ್ರ ಕೊಡಿ' ಅನ್ನುವವರಿಗೆ ಈ ಕೆಲಸ ಗೊತ್ತಿಲ್ಲ. ಇನ್ನೊಂದು ಸಣ್ಣ ಗುಟ್ಟು: ಮಾರ್ಫಿನ್ ಮಲಬದ್ಧತೆ ತರುತ್ತದೆ. ಅದರ ಜೊತೆಗೇ ಮಲ ಸಡಿಲವಾಗುವ ಔಷಧವನ್ನೂ ಬರೆಯುತ್ತಾರಾ ನೋಡಿ. ಬರೆದರೆ ಅನುಭವಿಗಳು. ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ನಿಮ್ಮ ಅಣ್ಣ ಹೇಳಬಹುದು. ಎಲ್ಲರ ಮನೆಯಲ್ಲೂ ಒಬ್ಬರು ಹೇಳುತ್ತಾರೆ. ಬಲ್ಲವರು ಅಳತೆ ನೋಡಿ ಕೊಟ್ಟರೆ ಹಾಗೇನೂ ಆಗುವುದಿಲ್ಲ. ನೋವು ಇಳಿದವರು ನಿದ್ದೆ ಮಾಡುತ್ತಾರೆ, ಎದ್ದು ನಾಲ್ಕು ಚಮಚ ಗಂಜಿ ಕುಡಿಯುತ್ತಾರೆ.

ಆಮೇಲೆ ಹೋಗಿ ನೋಡಿ, ಹೇಳದೆ ಕೇಳದೆ, ಸಂಜೆ ಹೊತ್ತು. ರಿಸೆಪ್ಷನ್ನಿನ ಸೋಫಾ ನೋಡಬೇಡಿ. ಮಲಗಿರುವವರ ತುಟಿ ನೋಡಿ, ಒಣಗಿ ಸಿಪ್ಪೆ ಎದ್ದಿದೆಯಾ, ಯಾರಾದರೂ ಒದ್ದೆ ಹತ್ತಿ ಇಟ್ಟಿದ್ದಾರಾ. ಉಗುರು ನೋಡಿ. ತಲೆ ಬಾಚಿದ್ದಾರಾ ನೋಡಿ. ತಾವಾಗಿ ಹೊರಳಲು ಆಗದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ ಅಂತ ಕೇಳಿ. ಎರಡು ಗಂಟೆಗೊಮ್ಮೆ ಅಂದರೆ ಬರೆದಿಟ್ಟ ಹಾಳೆ ತೋರಿಸಿ ಅನ್ನಿ. ಜಗಲಿಯಲ್ಲಿ ಹತ್ತು ನಿಮಿಷ ಕೂತು ಆಯಾಗಳು ರೋಗಿಗಳನ್ನು ಹೇಗೆ ಕರೆಯುತ್ತಾರೆ ಕೇಳಿಸಿಕೊಳ್ಳಿ. 'ಅಜ್ಜಿ, ಒಂಚೂರು ಈ ಕಡೆ ತಿರುಗಿ' ಅನ್ನುವುದಕ್ಕೂ 'ಆರನೇ ಬೆಡ್ಡಿಂದು ಆಯ್ತಾ?' ಅನ್ನುವುದಕ್ಕೂ ಇರುವ ದೂರ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಏಜೆನ್ಸಿಯವರನ್ನೂ ಬಿಡಬೇಡಿ. ಮನೆಗೆ ಬರುವವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ಓದಿದ ನರ್ಸಾ? ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಕೊಡಿ ಅಂದರೆ ನಿಜವಾದ ನರ್ಸಿಗೆ ಬೇಜಾರಾಗುವುದಿಲ್ಲ. ಡಾಕ್ಟರು ವಾರಕ್ಕೆ ಎಷ್ಟು ಸಲ ಖುದ್ದಾಗಿ ಬರುತ್ತಾರೆ? ಅಮ್ಮ ರಾತ್ರಿ ಮನೆಯಲ್ಲೇ ಹೋದರೆ ಸಾವಿನ ಕಾರಣದ ಸರ್ಟಿಫಿಕೇಟ್‌ಗೆ ಸಹಿ ಮಾಡುವವರು ಯಾರು? ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೆ ಬೆಳಗ್ಗೆ ಚಿತಾಗಾರದಲ್ಲಿ ಆ ಕಾಗದ ಕೇಳುತ್ತಾರೆ. ಮನೆಯಲ್ಲಿ ಹೋದವರಿಗೆ ನಮೂನೆ 4ಎ ಅಂತ ಇದೆ, ನೋಡಿಕೊಂಡಿದ್ದ ವೈದ್ಯರು ಕೊಡಬೇಕು. ಅದು ಸಿಗದೆ ಗೊತ್ತಿಲ್ಲದ ಕ್ಲಿನಿಕ್ಕುಗಳ ಬಾಗಿಲು ತಟ್ಟಿದವರನ್ನು ನಾನು ನೋಡಿದ್ದೇನೆ. ಮೂರು ತಿಂಗಳ ಪ್ಯಾಕೇಜ್ ಅಂದಿದ್ದಾರಲ್ಲ, ದುಡ್ಡು ಮುಂಗಡ ಕೇಳಿದರೆ ಉಳಿದ ದಿನಗಳದ್ದು ವಾಪಸ್ ಕೊಡುತ್ತಾರಾ? ಅದನ್ನೂ ಬರೆಸಿಕೊಳ್ಳಿ. ಶಕ್ತಿಗೆ ಅಂತ ದಿನಾ ಡ್ರಿಪ್, 'ಇಮ್ಯುನಿಟಿ' ಇಂಜೆಕ್ಷನ್ ಸೇರಿಸಿದ್ದರೆ ಆ ಪ್ಯಾಕೇಜ್ ಕಾಗದವನ್ನು ಮಡಚಿ ಅವರಿಗೇ ಕೊಡಿ.

ಆದರೆ ನೀವು ಕೇಳುವುದಕ್ಕಿಂತ ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದು ದೊಡ್ಡ ಗುರುತು. ಸರಿಯಾದ ಜಾಗದಲ್ಲಿ ಮೊದಲ ದಿನ ಅರ್ಧ ಗಂಟೆ ಅವರೇ ಕೇಳುತ್ತಾರೆ. ರಾತ್ರಿ ಎಷ್ಟು ಸಲ ಎದ್ದೇಳುತ್ತಾರೆ, ಕೊನೇ ಸಲ ಹೊಟ್ಟೆ ಸರಿಯಾಗಿ ಹೋದದ್ದು ಯಾವಾಗ, ನಿಮಗೆ ನಿದ್ದೆ ಇದೆಯಾ. ಮುಂದೆ ಏನಾಗಬಹುದು ಅಂತಲೂ ಮುಚ್ಚಿಡದೆ ಹೇಳುತ್ತಾರೆ. ಪರಿಚಯದವರೊಬ್ಬರ ಮನೆಗೆ ಬಂದ ಹಾಸ್ಪಿಸ್ ನರ್ಸ್ ಹೊರಡುವಾಗ, 'ಕಡು ಕೆಂಪು ಇಲ್ಲವೇ ಕಪ್ಪು ಟವೆಲ್ ಎರಡು ಮಂಚದ ಹತ್ತಿರ ಇಟ್ಟಿರಿ' ಅಂದಳಂತೆ. ಕೆನ್ನೆ, ಕತ್ತಿನ ಗಾಯ ಕೆಲವು ಸಲ ಜೋರಾಗಿ ರಕ್ತ ಬಿಡುತ್ತದೆ. ಬಿಳಿ ಬಟ್ಟೆಯಲ್ಲಿ ನೋಡಿದರೆ ರೋಗಿಯೂ ಹೆದರುತ್ತಾರೆ, ಮನೆಯವರೂ ಹೆದರುತ್ತಾರೆ. ಮೂರು ವಾರದ ನಂತರ ಆ ಟವೆಲ್ ಬೇಕಾಯಿತು. ಇಂಥ ಮಾತು ಹೇಳುವವರನ್ನು ನಂಬಬಹುದು.

ಅವರು ಕೇಳುವ ಇನ್ನೊಂದು ಪ್ರಶ್ನೆಗೆ ನೀವು ಈಗಲೇ ತಯಾರಾಗಿ: 'ಅಮ್ಮನಿಗೆ ಏನು ಗೊತ್ತಿದೆ?' ನೀವು ಹೇಳಿಲ್ಲ ಅಂತ ಬರೆದಿದ್ದೀರಿ. ಆಪರೇಷನ್ ಆದವರು, ರೇಡಿಯೇಷನ್ನಿಗೆ ದಿನಾ ಕ್ಯೂ ನಿಂತವರು, ಪಕ್ಕದ ಕುರ್ಚಿಯವರು ಬರುವುದು ನಿಂತದ್ದನ್ನು ನೋಡಿದವರು ಅವರು. ಅವರಿಗೆ ಗೊತ್ತಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ನಿಮಗೆ ಗೊತ್ತಿರುವುದು ತನಗೆ ಗೊತ್ತು ಅಂತ ತೋರಿಸದೆ ನಿಮಗೆ ನೋವಾಗದ ಹಾಗೆ ಕಾಯುತ್ತಿರಬಹುದು. ಒಳ್ಳೆಯ ಹಾಸ್ಪಿಸ್‌ನವರು ಬಂದ ಕೂಡಲೇ ಸತ್ಯ ಸುರಿಯುವುದಿಲ್ಲ, ನಿಮ್ಮ ಮಾತು ಕೇಳಿ ಸುಳ್ಳೂ ಹೇಳುವುದಿಲ್ಲ. ಅಮ್ಮನ ಪಕ್ಕ ಕೂತು, ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳುತ್ತಾರೆ. ವೆಂಟಿಲೇಟರ್, ಐಸಿಯು ಬೇಡ ಅಂತ ಮೊದಲೇ ಬರೆದಿಡಲು 2018ರಲ್ಲೇ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ, 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿ, ಒಬ್ಬರು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರಾಯಿತು. ನಿಮ್ಮ ಅಮ್ಮ ಬರೆಯಬಲ್ಲರು. ಆದರೆ ವಿಷಯವನ್ನೇ ಮುಚ್ಚಿಟ್ಟರೆ ಏನಂತ ಬರೆಯುತ್ತಾರೆ?

ಈಗ ಅಣ್ಣನ ವಿಷಯ. ಊರಿನ ಜನ ರಾತ್ರಿ ಬಂದು ಗಾಯ ತೊಳೆಯುವುದಿಲ್ಲ. ಅವರು ಏನಂತಾರೆ ಅನ್ನುವುದನ್ನು ಲೆಕ್ಕಕ್ಕೆ ಇಡಬೇಡಿ. ಅಣ್ಣನನ್ನು ಇಡಿ. ದೂರದಲ್ಲಿ ಇರುವವರು ಕೂಗಾಡುವುದು ಎಷ್ಟೋ ಸಲ ತಮ್ಮ ಕೈಯಲ್ಲಿ ಏನೂ ಇಲ್ಲವಲ್ಲ ಅನ್ನುವ ಸಂಕಟಕ್ಕೆ. ಫೋನಿನಲ್ಲಿ ವಾದ ನಿಲ್ಲಿಸಿ, ಭಾನುವಾರದ ಬಸ್ಸಿಗೆ ಬಾ ಅನ್ನಿ. ಹಾಸ್ಪಿಸ್ ನೋಡಲು ಅವನನ್ನೇ ಮುಂದೆ ಬಿಡಿ. ಒಂದು ರಾತ್ರಿ ಅಮ್ಮನ ಹತ್ತಿರ ಮಲಗಲಿ.

ಬರುವಷ್ಟರಲ್ಲಿ ಅವನಿಗೊಂದು ಸುದ್ದಿ ಹೇಳಿ, ನಿಮಗೂ ಇದು ಗೊತ್ತಿರಲಿಕ್ಕಿಲ್ಲ. ಹಾಸ್ಪಿಸ್ ಅಂದರೆ ಒಳಗೆ ಹೋದವರು ಹೊರಗೆ ಬರುವುದೇ ಇಲ್ಲ ಅಂತಲ್ಲ. ಹತ್ತು ಹದಿನೈದು ದಿನ ಇಟ್ಟುಕೊಂಡು ನೋವು ಹಿಡಿತಕ್ಕೆ ತಂದು, ಗಾಯ ತೊಳೆಯುವುದನ್ನು ಮನೆಯವರಿಗೆ ಕಲಿಸಿ, ಮಾತ್ರೆ ಕೊಟ್ಟು ವಾಪಸ್ ಕಳಿಸುವುದೂ ಅವರ ಕೆಲಸವೇ. ನೋವು ಮತ್ತೆ ಕೈ ಮೀರಿದರೆ ಮತ್ತೆ ಹೋಗಬಹುದಾ, ಊರಿನ ಹತ್ತಿರದ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುತ್ತಾರಾ, ಇವನ್ನು ಕೇಳಿಕೊಳ್ಳಿ. ನನ್ನನ್ನು ಕೇಳಿದರೆ, ಮೊದಲು ಟ್ರಸ್ಟಿನವರ ಹತ್ತಿರ ಹೋಗಿ. ಈ ಪರೀಕ್ಷೆಯಲ್ಲಿ ಅವರೇ ಸೋತರೆ ಏಜೆನ್ಸಿ ಇದ್ದೇ ಇದೆ.

ಗಾಯದ ವಾಸನೆಗೆ ಅಲ್ಲಿಯವರೆಗೂ ಕಾಯಬೇಡಿ. ಭೇದಿಗೆ ಕೊಡುತ್ತಾರಲ್ಲ, ಮೆಟ್ರೊನಿಡಜೋಲ್, ಅದೇ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ಸಲೈನಿನಲ್ಲಿ ತೊಳೆದ ಗಾಯದ ಮೇಲೆ ಉದುರಿಸುತ್ತಾರೆ. ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ. ಅಮ್ಮನ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ ಕೇಳಿ. ವಾಸನೆಗೆ ನಾಚಿ ಮೊಮ್ಮಗನನ್ನು ದೂರ ಇಟ್ಟಿರುತ್ತಾರೆ ಅಮ್ಮ.

ಮತ್ತೆ ಆ ನೋಟ್‌ಬುಕ್ಕು. ನಿಮ್ಮ ಕಾಗದದಲ್ಲಿ ನೀವು ಬೇಗ ದಾಟಿ ಹೋದ ಸಾಲಿನಲ್ಲೇ ನಾನು ನಿಂತುಬಿಟ್ಟೆ. ನಿಮ್ಮ ಮನೆಯಲ್ಲಿ ಇದ್ದುಕೊಂಡು ಅಮ್ಮ 'ಮನೆಗೆ ಹೋಗೋಣ' ಅಂತ ಬರೆಯುತ್ತಿದ್ದಾರೆ. ಯಾವ ಮನೆ? ಗುಬ್ಬಿ ಕಡೆಯ ಮನೆಯಾ, ಅವರ ತವರಾ, ಅಥವಾ ಅವರು ಹೇಳುತ್ತಿರುವುದು ಬೇರೆ ಏನನ್ನಾದರೂ? ಹಾಸ್ಪಿಸ್‌ನವರಿಗೆ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲು ಇದನ್ನು ಅಮ್ಮನಿಗೆ ಕೇಳಿ. ಇವತ್ತೇ, ಮಾರ್ಫಿನ್ನೋ ಈಗ ಕೊಡುತ್ತಿರುವ ಮಾತ್ರೆಯೋ, ಅದು ಹಿಡಿದು ನೋವು ಸ್ವಲ್ಪ ತಗ್ಗಿದ ಹೊತ್ತಿನಲ್ಲಿ. ಕೇಳಿ ಸುಮ್ನೆ ಕೂತಿರಿ, ಬರೆಯಲು ತುಂಬಾ ಹೊತ್ತು ಹಿಡಿಯಬಹುದು. ಪೆನ್ಸಿಲ್ ಬೇಡ, ಒತ್ತಿ ಬರೆಯುವಷ್ಟು ಶಕ್ತಿ ಇರುವುದಿಲ್ಲ. ಮಗನ ಸ್ಕೆಚ್ ಪೆನ್ ಕೊಡಿ.